ಆಟಿ ಅಮಾಸೆ ಕಷಾಯಕ್ಕೆ ಪಾಲೆ ಕೆತ್ತೆ ನಾನೇ ತೆಗೀಬಹುದಾ?

ತುಳುನಾಡಲ್ಲಿ ಆಟಿ ತಿಂಗಳ (ಜುಲೈ-ಆಗಸ್ಟ್) ಅಮಾಸೆ ಬೆಳಗ್ಗೆ ಕುಡಿಯುವ ಪಾಲೆ ಮರದ ಕೆತ್ತೆ, ಅಂದ್ರೆ ತೊಗಟೆಯ ಕಷಾಯದ ಬಗ್ಗೆ, ತೆಗೆಯುವಾಗ ಕಬ್ಬಿಣ ತಾಗಿಸ್ಬಾರ್ದಾ, ಮಿಕ್ಸಿಯಲ್ಲಿ ಅರೆದ್ರೆ ಆಗ್ತದಾ, ಒಬ್ರಿಗೆ ಎಷ್ಟು ಲೋಟ ಅಂತೆಲ್ಲ ಕೇಳಿದ್ದೀರಿ. ಜೊತೆಗೆ ಬೆಂಗಳೂರಲ್ಲಿ ನಿಮ್ಮ ಮನೆ ಹತ್ರದ ಪಾರ್ಕಲ್ಲಿ ಪಾಲೆ ಮರ ಉಂಟು ಅಂತ ಯಾರೋ ಹೇಳಿದ್ರು ಅಂತನೂ ಬರೆದಿದ್ದೀರಿ. ಆ "ಯಾರೋ ಹೇಳಿದ್ರು" ಓದಿ ನನ್ನ ಕೈಕಾಲು ತಣ್ಣಗಾಯ್ತು ಮಾರಾಯ್ರೆ.

2011ರ ಆಟಿ. ಅಜ್ಜ ತೀರಿಹೋಗಿ ಒಂದು ವರ್ಷ, ನಾನು ಬೆಂಗಳೂರಿಂದ ರಜೆ ಹಾಕಿ ಪುತ್ತೂರು ಕಡೆ ನಮ್ಮ ಮನೆಗೆ ಹೋಗಿದ್ದೆ, ಈ ಸಲ ಕೆತ್ತೆ ನಾನೇ ತರ್ತೇನೆ ಅಂತ ಜಂಭದಲ್ಲಿ ಹೇಳಿಬಿಟ್ಟೆ. ಸೂರ್ಯ ಹುಟ್ಟುವ ಮೊದ್ಲು, ಮೈಮೇಲೆ ಬಟ್ಟೆ ಇಲ್ಲದೆ ಹೋಗಿ ಕಲ್ಲಲ್ಲಿ ಜಜ್ಜಿ ಕೆತ್ತೆ ತೆಗೀಬೇಕು ಅಂತ ಶಾಸ್ತ್ರ. ನಾನು ರೈನ್‌ಕೋಟ್ ಹಾಕಿ ಮೊಬೈಲ್ ಟಾರ್ಚ್ ಹಿಡ್ಕೊಂಡು ಹೋದೆ. ಮಳೆ ಜೋರು. ಕಲ್ಲಿನ ಕೋರೆ ದಾಟಿ ಬಲಕ್ಕೆ ದೊಡ್ಡ ಬೂದು ಬಣ್ಣದ ಮರ, ಚಿಕ್ಕಂದಿನಿಂದ ನೋಡಿದ್ದು. ಆದ್ರೆ ಆ ಗುಡ್ಡೆಯಲ್ಲಿ ಎರಡು ವರ್ಷದ ಹಿಂದೆ ರಬ್ಬರ್ ಹಾಕ್ಲಿಕ್ಕೆ ಅರ್ಧ ಮರ ಕಡಿದಿದ್ರು, ದಾರಿ ಬದಲಾಗಿತ್ತು, ಕೋರೆಯ ಬಲ ಯಾವುದು ಎಡ ಯಾವುದು ಅಂತ್ಲೇ ಕತ್ತಲೆಯಲ್ಲಿ ಗೊತ್ತಾಗ್ಲಿಲ್ಲ.

ಈಗ ನಾನು ಮಾಡಿದ ತಪ್ಪು ಕೇಳಿ. ಅಜ್ಜ ಹಿಂದಿನ ದಿನ ಸಂಜೆ ಬೆಳಕಿರುವಾಗ್ಲೇ ಹೋಗಿ ಮರಕ್ಕೆ ಒಂದು ನೂಲು ಕಟ್ಟಿ "ನಾಳೆ ಬರ್ತೇನೆ" ಅಂತ ಹೇಳಿ ಬರ್ತಿದ್ರು. ಮರಕ್ಕೆಂತ ಅಪಾಯಿಂಟ್‌ಮೆಂಟಾ ಅಂತ ನಾನು ನಗಾಡ್ತಿದ್ದೆ. ಆ ವರ್ಷ ನೂಲು ಕಟ್ಟಿಲ್ಲ. ನೂಲು ಕಟ್ಲಿಕ್ಕೆ ಹೋಗಿದ್ರೆ ಬೆಳಕಲ್ಲಿ ತಲೆ ಎತ್ತಿ ಎಲೆ ನೋಡ್ತಿದ್ದೆ. ಎಲೆ ನೋಡಿದ್ರೆ ಗೊತ್ತಾಗ್ತಿತ್ತು. ಬೆಳಗ್ಗೆ ಕೈಯಲ್ಲಿ ನೂಲು ತಡವಿದ್ರೂ ಸಾಕಿತ್ತು, ಸರಿಯಾದ ಮರ ಅಂತ ಖಾತ್ರಿ ಆಗ್ತಿತ್ತು. ಅದೂ ಇಲ್ಲ ಇದೂ ಇಲ್ಲ, ನಾನು ನೋಡಿದ್ದು ಬರೀ ತೊಗಟೆ, ಅದೂ ಪಾಚಿ ಹಿಡಿದು ಒದ್ದೆ ಆದ ತೊಗಟೆ, ಮಳೆಗಾಲದಲ್ಲಿ ಎಲ್ಲ ಮರವೂ ಒಂದೇ ಥರ ಕಾಣ್ತದೆ. ಜಜ್ಜುವಾಗ ಹಾಲು ಬರ್ಲಿಲ್ಲ. ಅದು ನಂಗೆ ಕಂಡಿತ್ತು! ಮಳೆಗೆ ತೊಳೆದು ಹೋಯ್ತೇನೋ ಅಂತ ನನಗೆ ನಾನೇ ಸಮಾಧಾನ ಹೇಳ್ಕೊಂಡೆ. ಅಷ್ಟು ದೂರ ಹೋಗಿ ಬರಿಗೈಯಲ್ಲಿ ವಾಪಸ್ ಬರ್ಲಿಕ್ಕೆ ಮರ್ಯಾದೆ ಬಿಡ್ಲಿಲ್ಲ.

ಅಮ್ಮ ಓಮ, ಒಳ್ಳೆಮೆಣಸು, ಬೆಳ್ಳುಳ್ಳಿ ಹಾಕಿ ಅರೆದು ಸೋಸಿ, ಬೆಣಚುಕಲ್ಲು ಕೆಂಪಗೆ ಕಾಯಿಸಿ ಅದ್ರಲ್ಲಿ ಚುಂಯ್ ಅಂತ ಬಿಟ್ಟ್ರು. ಮೊದ್ಲು ಕುಡಿದದ್ದು ಅಪ್ಪ, ಅರ್ಧ ಲೋಟ. "ಈ ವರ್ಷ ಕಹಿ ಜೋರುಂಟು" ಅಂದ್ರು. ಪಾಲೆಯೂ ಕಹಿಯೇ ಅಲ್ವಾ, ಹಾಗಾಗಿ ಯಾರಿಗೂ ಡೌಟ್ ಬರ್ಲಿಲ್ಲ. ನಾನು ಲೋಟ ಬಾಯಿಗಿಡುವ ಮೊದ್ಲೇ ಅಪ್ಪ ದವಡೆ ಹಿಡೀತಾ ಉಂಟು ಅಂದ್ರು, ಆಮೇಲೆ ಕಾಲು ಹಲಗೆ ಹಾಗೆ ಸೆಟೆದು ನಿಂತಿತು. ಯಾರೋ ಬಾಗಿಲು ಧಡ್ ಅಂತ ಹಾಕಿದ್ರು, ಆ ಶಬ್ದಕ್ಕೆ ಇಡೀ ಮೈ ಬಿಲ್ಲು ಬಾಗಿದ ಹಾಗೆ ಬಾಗಿತು. ಪ್ರಜ್ಞೆ ಮಾತ್ರ ಪೂರ್ತಿ ಉಂಟು, ನನ್ನನ್ನೇ ನೋಡ್ತಿದ್ರು. ಮಜ್ಜಿಗೆ ಕುಡಿಸಿ ನೋಡುವ ಅಂತ ಹತ್ತು ನಿಮಿಷ ಹಾಳು ಮಾಡಿದೆವು, ಅದೂ ದಡ್ಡತನ. ಎರಡು ರಾತ್ರಿ ಐಸಿಯುನಲ್ಲಿದ್ರು, ಬದುಕಿ ಬಂದ್ರು.

ಮಧ್ಯಾಹ್ನ ಚಿಕ್ಕಪ್ಪ ಹೋಗಿ ಆ ಮರದ ಗೆಲ್ಲು ತಂದ್ರು. ಎಲೆ ಎರಡೆರಡು ಎದುರುಬದುರು, ಬುಡದಿಂದ ತುದಿಗೆ ಮೂರು ನರ ಎದ್ದು ಕಾಣ್ತದೆ, ಮುರಿದ್ರೆ ಹಾಲಿಲ್ಲ. ಕಾಸರಕ. ಬೀಜದಲ್ಲಿ ಮಾತ್ರ ಅಲ್ಲ, ತೊಗಟೆಯಲ್ಲೂ ವಿಷ ಇರುವ ಮರ, ಸ್ಟ್ರಿಕ್ನೈನ್, ಬ್ರೂಸಿನ್ ಅಂತಾರಲ್ಲ ಅದು. ನಮ್ಮ ಪಾಲೆ ಅಲ್ಲಿಂದ ಮೂವತ್ತು ಹೆಜ್ಜೆ ಆಚೆ ಆರಾಮಾಗಿ ನಿಂತಿತ್ತು.

ಹಾಗಾಗಿ ಚಾಕುವಾ ಕಲ್ಲಾ ಅನ್ನುದು ಪ್ರಶ್ನೆಯೇ ಅಲ್ಲ. ಮಿಕ್ಸಿಯಲ್ಲಿ ಅರೀರಿ, ಏನೂ ಆಗುದಿಲ್ಲ. ಹಗಲಲ್ಲಿ ಮರ ನೋಡಿದ್ದೀರಾ, ಅದು ಹೇಳಿ. ಪಾಲೆಗೆ ಒಂದೇ ಗಂಟಿನಿಂದ ಸುತ್ತಲೂ ಎಲೆ, ಕೊಡೆ ಬಿಡಿಸಿದ ಹಾಗೆ. ಸಪ್ತಪರ್ಣಿ ಅಂತ ಹೆಸರಿದ್ರೂ ಏಳೇ ಇರ್ಬೇಕು ಅಂತಿಲ್ಲ, ನಾಲ್ಕೈದೂ ಇರ್ತದೆ. ಎಲೆ ಮುರಿದ್ರೆ ಬಿಳಿ ಹಾಲು. ಬರೀ ಹಾಲು ನಂಬ್ಬೇಡಿ, ಎಕ್ಕಕ್ಕೂ ಹಾಲುಂಟು, ಎರಡೂ ಕೂಡಿ ಬರ್ಬೇಕು. ಇನ್ನೂ ಸುಲಭ ಅಂದ್ರೆ ಅಕ್ಟೋಬರ್-ನವೆಂಬರ್ ರಾತ್ರಿ ಹೂವಿನ ವಾಸನೆ ತಲೆನೋವು ಬರುವಷ್ಟು ಹೊಡೀತದೆ, ಆವಾಗ್ಲೇ ಗುರುತು ಮಾಡಿಡಿ. ಕತ್ತಲೆಯಲ್ಲಿ ಹೋಗುವ ಶಾಸ್ತ್ರ ನನ್ನ ಪ್ರಕಾರ ಬಿಟ್ಟುಬಿಡ್ಬೇಕು, ನೂಲು ಕಟ್ಟುದು ಇಟ್ಕೊಳ್ಬೇಕು. ಆನ್‌ಲೈನ್ ಪುಡಿ ಅಂತೂ ಬೇಡವೇ ಬೇಡ, ಪುಡಿಗೆ ಎಲೆ ಎಲ್ಲಿಂದ ನೋಡ್ತೀರಿ?

ಮತ್ತೆ ನೀವು ಬರೆದಿದ್ದೀರಲ್ಲ, ಒಂದ್ಸಲ ಕುಡಿದ್ರೆ ವರ್ಷವಿಡೀ ಕಾಯಿಲೆ ಬರುದಿಲ್ಲ ಅಂತ, ಅದೆಲ್ಲ ಸುಳ್ಳು. ನಾನು ಕುಡೀತಾ ಬಂದಿದ್ದೇನೆ, ಪ್ರತಿ ಮಳೆಗಾಲ ಜ್ವರವೂ ಬಂದಿದೆ. ಊರಿನ ಅಭ್ಯಾಸ ಅಂತ ಕುಡೀಬೇಕಾದ್ರೆ ಗೊತ್ತಿದ್ದವರ ಮನೆಯಲ್ಲಿ ಮಾಡಿದ್ದು ಒಂದು ಸಣ್ಣ ಲೋಟ ಸಾಕು, ಮಕ್ಕಳಿಗೆ, ಬಸುರಿಯರಿಗೆ ಕೊಡ್ಬೇಡಿ. ಪಾರ್ಕಿನ ಮರ ಬಿಟ್ಟುಬಿಡಿ, ನಿಮ್ಮ ಹಾಗೆ ಹತ್ತು ಜನ ಸುತ್ತ ಕೆತ್ತಿದ್ರೆ ಅದು ಸಾಯ್ತದೆ.

ಅಪ್ಪನಿಗೆ ಈಗ ಎಪ್ಪತ್ತೆರಡು. ಆಟಿ ಅಮಾಸೆಗೆ ಮೆಂತೆ ಗಂಜಿ ಎರಡು ಬಟ್ಟಲು ಉಣ್ತಾರೆ, ಕಷಾಯದ ಲೋಟ ಮಾತ್ರ ನನ್ನ ಕಡೆ ದೂಡ್ತಾರೆ, "ಮೊದ್ಲು ನೀನು ಕುಡಿ, ಅರ್ಧ ಗಂಟೆ ನೋಡುವ" ಅಂತ.