ಓದುಗರ ಪ್ರಶ್ನೆ: ಕಡಿಮೆ ಖರ್ಚಿನಲ್ಲಿ ಕೈಯಾರೆ ಕ್ರಿಸ್‌ಮಸ್ ಉಡುಗೊರೆ

ಪ್ರಶ್ನೆ: ನಮ್ಮದು ದೊಡ್ಡ ಕುಟುಂಬ. ಕ್ರಿಸ್‌ಮಸ್‌ಗೆ ಹಿರಿಯರು, ಮಕ್ಕಳು ಸೇರಿ 12 ಮಂದಿಗೆ ಉಡುಗೊರೆ ಕೊಡಬೇಕು. ಈ ವರ್ಷ ಕೈ ಬಿಗಿಯಾಗಿದೆ. ನಾನೇ ಏನಾದರೂ ತಯಾರಿಸಿ ಕೊಡೋಣವೆಂದು ಲೆಕ್ಕ ಹಾಕಿದರೆ, ಸಾಮಗ್ರಿಗಳ ಖರ್ಚೇ ಅಂಗಡಿಯ ಉಡುಗೊರೆಗಳಿಗಿಂತ ಹೆಚ್ಚಾಗುತ್ತಿದೆ. ಸಾಧಾರಣ ಹೊಲಿಗೆಯ ಹೊರತು ನನಗೆ ಬೇರೆ ಕೈಕೆಲಸ ಬಾರದು. ಏನು ಮಾಡಲಿ?

ಉತ್ತರ: ನಿಮ್ಮ ಲೆಕ್ಕ ಸರಿಯಾಗಿಯೇ ಇದೆ. ಒಬ್ಬರಿಗೆ ಮೇಣದಬತ್ತಿ, ಇನ್ನೊಬ್ಬರಿಗೆ ಸಾಬೂನು, ಮತ್ತೊಬ್ಬರಿಗೆ ಬಣ್ಣ ಹಚ್ಚಿದ ಬಟ್ಟಲು ಎಂದು ಹೊರಟಾಗ ಪ್ರತಿಯೊಂದಕ್ಕೂ ಬೇರೆ ಬೇರೆ ಅಚ್ಚು, ಬಣ್ಣ, ಅಂಟು, ಸುಗಂಧತೈಲ ಕೊಳ್ಳಬೇಕಾಗುತ್ತದೆ. ಅದರಲ್ಲಿ ಬಳಕೆಯಾಗುವುದು ಸ್ವಲ್ಪವೇ, ಉಳಿದದ್ದು ಕಪಾಟು ಸೇರುತ್ತದೆ. ಆದ್ದರಿಂದ ನಿಮಗೆ ಈಗಾಗಲೇ ಬರುವ ಒಂದೇ ಕೆಲಸವನ್ನು ಹಿಡಿದು, ಒಂದೆರಡು ಬಗೆಯ ವಸ್ತುಗಳನ್ನಷ್ಟೇ ಹಲವರಿಗೆ ಮಾಡಿ. ಎಲ್ಲರಿಗೂ ಒಂದೇ ಬಗೆಯದ್ದನ್ನು ಕೊಟ್ಟರೆ ಅಸಡ್ಡೆಯಾಗಿ ಕಾಣುತ್ತದೆಂಬ ಅಳುಕು ಬೇಡ. ಬಟ್ಟೆಯ ಬಣ್ಣ, ಅಂಚಿನಲ್ಲಿ ಹೊಲಿದ ಹೆಸರು, ಜೊತೆಗಿಡುವ ನಾಲ್ಕು ಸಾಲಿನ ಪತ್ರ, ಇಷ್ಟರಿಂದಲೇ ಅದು ಅವರವರದ್ದಾಗುತ್ತದೆ.

ಹೊಲಿಗೆ ಬಲ್ಲವರಿಗೆ ನಾನು ಮೊದಲು ಸೂಚಿಸುವುದು ಕತ್ತು, ಬೆನ್ನು ನೋಯುವ ಹಿರಿಯರಿಗಾಗಿ, ಮೈಕ್ರೋವೇವ್‌ನಲ್ಲಿ ಬಿಸಿ ಮಾಡಿ ನೋವಿನ ಜಾಗಕ್ಕೆ ಇಟ್ಟುಕೊಳ್ಳುವ ಶಾಖದ ಚೀಲ. ಹಳೆಯ ಅಂಗಿ ಅಥವಾ ಹಾಸುಬಟ್ಟೆಯ ಗಟ್ಟಿ ಭಾಗದಿಂದ ಸುಮಾರು 50 ಸೆಂ.ಮೀ. ಉದ್ದ, 15 ಸೆಂ.ಮೀ. ಅಗಲದ ಚೀಲ ಹೊಲಿದು, ಒಣ ಅಕ್ಕಿಯನ್ನು ಮೂರರಲ್ಲಿ ಎರಡು ಪಾಲಿನಷ್ಟು ತುಂಬಿ ಬಾಯಿ ಮುಚ್ಚಬೇಕು. ಅಕ್ಕಿ ಒಂದೇ ಕಡೆಗೆ ಜಾರದಂತೆ ತುಂಬುತ್ತಲೇ ನಡುನಡುವೆ ಅಡ್ಡ ಹೊಲಿಗೆ ಹಾಕಿ ಮೂರು ನಾಲ್ಕು ಖಾನೆ ಮಾಡಿದರೆ ಚೀಲ ಮೈಮೇಲೆ ಚೆನ್ನಾಗಿ ಕೂರುತ್ತದೆ. ಬಟ್ಟೆಯೂ ದಾರವೂ ಶುದ್ಧ ಹತ್ತಿಯದ್ದೇ ಆಗಿರಬೇಕು. ಪಾಲಿಯೆಸ್ಟರ್ ಕರಗುತ್ತದೆ, ಜರಿ ಅಥವಾ ಲೋಹದ ಗುಂಡಿಯಿದ್ದರೆ ಮೈಕ್ರೋವೇವ್‌ನಲ್ಲಿ ಕಿಡಿ ಹಾರುತ್ತದೆ. ಅಕ್ಕಿ ತುಂಬಿದ ಚೀಲವನ್ನು ಒಗೆಯಲಾಗದು, ಆದ್ದರಿಂದ ತೆಗೆದು ಒಗೆಯಬಹುದಾದ ಹೊರಗವಸನ್ನೂ ಹೊಲಿಯಿರಿ. ಬಳಸುವ ವಿಧಾನವನ್ನು ಒಂದು ಚೀಟಿಯಲ್ಲಿ ಬರೆದು ಜೊತೆಗಿಡುವುದು ಬಹಳ ಮುಖ್ಯ: ಒಮ್ಮೆಗೆ 30 ಸೆಕೆಂಡುಗಳಷ್ಟೇ ಬಿಸಿ ಮಾಡಿ ಮುಟ್ಟಿ ನೋಡಬೇಕು, ಪೂರ್ತಿ ಆರಿದ ಮೇಲಷ್ಟೇ ಮತ್ತೆ ಬಿಸಿ ಮಾಡಬೇಕು, ಮೈಮೇಲಿಟ್ಟುಕೊಂಡು ನಿದ್ದೆ ಹೋಗಬಾರದು. ಮಧುಮೇಹದಿಂದ ಕೈಕಾಲಿನ ಸ್ಪರ್ಶಜ್ಞಾನ ಕುಗ್ಗಿದವರಿಗೆ ಮತ್ತು ಎಳೆಯ ಮಕ್ಕಳಿಗೆ ಇದನ್ನು ಕೊಡಬೇಡಿ.

ಮಕ್ಕಳಿಗೆ ಕೈಯಿಂದ ಹೊಲಿದ ಟಿಪ್ಪಣಿ ಪುಸ್ತಕ ಮಾಡಿ. 10 ಎ4 ಹಾಳೆಗಳನ್ನು ಒಟ್ಟಾಗಿ ನಡುವೆ ಮಡಚಿದರೆ 40 ಪುಟಗಳಾಗುತ್ತವೆ. ಹೊರಗೆ ದಪ್ಪ ಕಾಗದದ ರಕ್ಷಾಪುಟವಿಟ್ಟು, ಮಡಿಕೆಯ ಮೇಲೆ ಮೂರು ತೂತು ಕೊರೆಯಿರಿ. ನಡುವಿನ ತೂತಿನಿಂದ ದಾರವನ್ನು ಒಳಗಿಂದ ಹೊರಗೆ ತೆಗೆದು, ಮೇಲಿನ ತೂತಿನಿಂದ ಒಳಕ್ಕೆ, ಅಲ್ಲಿಂದ ನೇರವಾಗಿ ಕೆಳಗಿನ ತೂತಿನಿಂದ ಹೊರಕ್ಕೆ, ಕೊನೆಗೆ ಮತ್ತೆ ನಡುವಿನ ತೂತಿನಿಂದ ಒಳಕ್ಕೆ ತಂದು, ಒಳಗಿನ ಉದ್ದ ಎಳೆಯ ಎರಡೂ ಬದಿಗೆ ಒಂದೊಂದು ತುದಿ ಬರುವಂತೆ ಗಂಟು ಹಾಕಿದರೆ ಪುಸ್ತಕ ಸಿದ್ಧ. ಇಂಥದೇ ಪುಸ್ತಕದಲ್ಲಿ ಮನೆಯ ಹಿರಿಯರನ್ನು ಕೇಳಿ ಅವರ ಅಡುಗೆಯ ವಿಧಾನಗಳನ್ನು ಬರೆದು ಅಣ್ಣತಮ್ಮಂದಿರಿಗೆ, ಅಕ್ಕತಂಗಿಯರಿಗೆ ಕೊಡಬಹುದು. ನನ್ನ ಮಟ್ಟಿಗೆ ಇದಕ್ಕಿಂತ ಬೆಲೆಯುಳ್ಳ ಉಡುಗೊರೆ ಇನ್ನೊಂದಿಲ್ಲ, ಏಕೆಂದರೆ ಆ ಹಿರಿಯರು ಇಲ್ಲವಾದ ಮೇಲೆ ಅದು ಎಲ್ಲಿಯೂ ಕೊಳ್ಳಲು ಸಿಗುವುದಿಲ್ಲ.

ಸುತ್ತುವ ಕಾಗದಕ್ಕೂ ಹಣ ಖರ್ಚು ಮಾಡಬೇಡಿ. ಜಪಾನಿನಲ್ಲಿ ಫುರೊಶಿಕಿ ಎಂಬ ಚೌಕ ಬಟ್ಟೆಯಲ್ಲಿ ವಸ್ತುಗಳನ್ನು ಕಟ್ಟಿಕೊಡುತ್ತಾರೆ. ವಸ್ತುವಿನ ಉದ್ದದ ಸುಮಾರು ಮೂರು ಪಟ್ಟು ಅಳತೆಯ ಬಟ್ಟೆ ಸಾಕು, ಅದನ್ನು ಮತ್ತೆ ಮತ್ತೆ ಬಳಸಲೂ ಬರುತ್ತದೆ.

ಪ್ರಶ್ನೆ: ಡಿಸೆಂಬರ್ ಆರಂಭವಾಗಿದೆ. ಮನೆಯಲ್ಲೇ ಸಾಬೂನು ಮಾಡಿ ಹಬ್ಬಕ್ಕೆ ಕೊಡಬಹುದೆ?

ಉತ್ತರ: ಎಣ್ಣೆಗೆ ಕಾಸ್ಟಿಕ್ ಸೋಡಾ ದ್ರಾವಣ ಬೆರೆಸಿ, ಕುದಿಸದೆ ಮಾಡುವ ಸಾಬೂನು ಹದಗೊಂಡು ಗಟ್ಟಿಯಾಗಲು 4ರಿಂದ 6 ವಾರ ಬೇಕು, ಡಿಸೆಂಬರ್ 25ಕ್ಕೆ ಕೊಡಬೇಕಿದ್ದರೆ ನವೆಂಬರ್ ಮಧ್ಯದೊಳಗೇ ಅಚ್ಚಿಗೆ ಸುರಿದಿರಬೇಕಿತ್ತು. ಈಗ ಉಳಿದಿರುವ ದಾರಿ, ಸಿದ್ಧ ಗ್ಲಿಸರಿನ್ ಸಾಬೂನಿನ ಗಟ್ಟಿಯನ್ನು ಕರಗಿಸಿ ಅಚ್ಚಿಗೆ ಹಾಕುವುದು. ಅದು ಕೆಲವೇ ಗಂಟೆಗಳಲ್ಲಿ ಗಟ್ಟಿಯಾಗುತ್ತದೆ, ಕಾಸ್ಟಿಕ್ ಸೋಡಾದ ಅಪಾಯವೂ ಇರುವುದಿಲ್ಲ.

ಪ್ರಶ್ನೆ: ನಾದಿನಿ ಪ್ರತಿವರ್ಷ ದುಬಾರಿ ಉಡುಗೊರೆ ಕೊಡುತ್ತಾರೆ. ನಾನು ಹೊಲಿದದ್ದನ್ನು ಅವರ ಕೈಗಿಡಲು ಸಂಕೋಚವಾಗುತ್ತದೆ.

ಉತ್ತರ: ಈ ಸಂಕೋಚ ಹಬ್ಬದ ದಿನದವರೆಗೆ ಬೆಳೆಯಲು ಬಿಡಬೇಡಿ. ಅವರು ಖರೀದಿಗೆ ಹೊರಡುವ ಮೊದಲೇ, "ಈ ಬಾರಿ ನಾನು ಕೈಯಾರೆ ಮಾಡಿದ್ದನ್ನೇ ಕೊಡುತ್ತಿದ್ದೇನೆ, ನೀವೂ ಹೆಚ್ಚು ಖರ್ಚು ಮಾಡಬೇಡಿ" ಎಂದು ನೇರವಾಗಿ ತಿಳಿಸಿ. ಮನೆಯವರು ಒಪ್ಪಿದರೆ ದೊಡ್ಡವರೆಲ್ಲರ ಹೆಸರನ್ನು ಚೀಟಿಯಲ್ಲಿ ಬರೆದು, ಒಬ್ಬೊಬ್ಬರು ಒಂದೊಂದು ಚೀಟಿ ಎತ್ತಿ, ಬಂದ ಹೆಸರಿನವರಿಗೆ ಮಾತ್ರ ಉಡುಗೊರೆ ಕೊಡುವಂತೆ ಮಾಡಬಹುದು. ಹಾಗಾದರೆ ನೀವು ಮಕ್ಕಳಿಗಲ್ಲದೆ ಇನ್ನೊಬ್ಬರಿಗಷ್ಟೇ ಹೊಲಿದರೆ ಸಾಕಾಗುತ್ತದೆ.