ಸಣ್ಣ ಫ್ರಾಂಚೈಸಿ ನಡೆಸಿದವರಿಂದ ಹೊಸ ಉದ್ಯಮಿಗಳು ಏನು ಕಲಿಯಬಹುದು?

ಉಳಿತಾಯದ ಹಣ ಹಾಕಿ ಫ್ರಾಂಚೈಸಿ (ಕಂಪನಿಯೊಂದರ ಹೆಸರಿನಲ್ಲಿ, ಅದರ ಪದ್ಧತಿಯಂತೆ ಮಳಿಗೆ ನಡೆಸುವ ಹಕ್ಕು) ಹಿಡಿಯಬೇಕೆಂದಿರುವ ನೀವು, ಈಗಾಗಲೇ ನಡೆಸುತ್ತಿರುವವರ ಅನುಭವವೇನೆಂದು ಕೇಳಿದ್ದೀರಿ. ದಾವಣಗೆರೆಯಲ್ಲಿ ಚಹಾ, ತಿಂಡಿಯ ಫ್ರಾಂಚೈಸಿ ಮಳಿಗೆಯೊಂದನ್ನು ನಡೆಸುತ್ತಿರುವ ನಾನು ಎಲ್ಲಕ್ಕಿಂತ ಮೊದಲು ಹೇಳಬಯಸುವುದು ರಾಯಲ್ಟಿಯ, ಅಂದರೆ ಕಂಪನಿಯ ಹೆಸರು ಬಳಸುವುದಕ್ಕೆ ನಾವು ಅದಕ್ಕೆ ಕಟ್ಟುತ್ತಿರಬೇಕಾದ ಪಾಲಿನ ವಿಚಾರ. ಕಂಪನಿಗಳು ಸಾಮಾನ್ಯವಾಗಿ ಅದನ್ನು ಪಡೆಯುವುದು ನಮ್ಮ ಲಾಭದ ಮೇಲಲ್ಲ, ಒಟ್ಟು ಮಾರಾಟದ ಮೇಲೆ.

ಇದರ ಪರಿಣಾಮವನ್ನು ಒಂದು ಲೆಕ್ಕದಲ್ಲಿ ನೋಡಿ. ನೂರು ರೂಪಾಯಿ ವ್ಯಾಪಾರದಲ್ಲಿ ಸಾಮಗ್ರಿಗೆ 40, ಬಾಡಿಗೆಗೆ 15, ಸಂಬಳಕ್ಕೆ 18, ಕರೆಂಟು, ಗ್ಯಾಸು ಮುಂತಾದವಕ್ಕೆ 8 ಹೋದರೆ ಉಳಿಯುವುದು 19. ಶೇ. 6ರ ರಾಯಲ್ಟಿ ಮತ್ತು ಅದರ ಮೇಲಿನ ಶೇ. 18ರ ಜಿಎಸ್‌ಟಿ ಸೇರಿ ಸುಮಾರು 7 ರೂಪಾಯಿ ಕಳೆದರೆ ಕೈಗೆ 12 ಬರುತ್ತದೆ. ಗಿರಾಕಿಗಳಿಗೆ ಶೇ. 5ರ ದರದಲ್ಲಿ ಬಿಲ್ ಮಾಡುವ ಉಪಾಹಾರ ಮಳಿಗೆಗೆ ಇನ್‌ಪುಟ್ ಕ್ರೆಡಿಟ್ (ಖರೀದಿಯ ಮೇಲೆ ಕೊಟ್ಟ ಜಿಎಸ್‌ಟಿಯನ್ನು ನಾವು ಕಟ್ಟಬೇಕಾದ ತೆರಿಗೆಯಲ್ಲಿ ಕಳೆಯುವ ಸೌಲಭ್ಯ) ಇಲ್ಲದಿರುವುದರಿಂದ, ರಾಯಲ್ಟಿಯ ಮೇಲೆ ಕಟ್ಟಿದ ತೆರಿಗೆ ಪೂರ್ತಿ ನಮ್ಮ ಖರ್ಚೇ ಆಗುತ್ತದೆ. ಈಗ ಕಾಲೇಜುಗಳಿಗೆ ರಜೆ ಬಂದು ವ್ಯಾಪಾರ 70ಕ್ಕೆ ಇಳಿಯಿತೆನ್ನಿ. ಸಾಮಗ್ರಿಯ ವೆಚ್ಚ 28ಕ್ಕೆ ಇಳಿದರೂ ಬಾಡಿಗೆ, ಸಂಬಳ, ಇತರ ಖರ್ಚು ಹಾಗೆಯೇ ನಿಲ್ಲುವುದರಿಂದ ಉಳಿಯುವುದು 1 ರೂಪಾಯಿ. ರಾಯಲ್ಟಿ ಮತ್ತು ತೆರಿಗೆ ಕಟ್ಟಬೇಕಾದದ್ದು ಸುಮಾರು 5. ಆ 4 ರೂಪಾಯಿ ನಮ್ಮ ಜೇಬಿನಿಂದ ಹೋಗುತ್ತದೆ. ಆದ್ದರಿಂದ ಕಂಪನಿಯವರು ತೋರಿಸುವ ತಿಂಗಳ ಸರಾಸರಿಯನ್ನು ನಂಬಿ ಕೂರದೆ, ವರ್ಷದ ಅತಿ ಮಂದ ತಿಂಗಳಿನ ಲೆಕ್ಕವನ್ನು ನೀವೇ ಹಾಕಬೇಕು. ಆ್ಯಪ್ ಮೂಲಕ ಬರುವ ಆರ್ಡರುಗಳಿಗೆ ರಾಯಲ್ಟಿ ಮೆನು ಬೆಲೆಯ ಮೇಲೋ, ಕಮಿಷನ್ ಕಳೆದು ಕೈಸೇರುವ ಮೊತ್ತದ ಮೇಲೋ ಎಂಬುದನ್ನೂ ಕರಾರಿನಲ್ಲಿ ಓದಿಕೊಳ್ಳಿ.

ಅಮೆರಿಕದಲ್ಲಿ ಸಹಿಗೆ ಕನಿಷ್ಠ 14 ದಿನ ಮೊದಲು ಕಂಪನಿಯು ತನ್ನ ವಿವರಗಳ ದಾಖಲೆಯನ್ನು ಕೊಡಬೇಕೆಂಬ ನಿಯಮವಿದೆ. ನಮ್ಮಲ್ಲಿ ಫ್ರಾಂಚೈಸಿಗೆಂದೇ ಪ್ರತ್ಯೇಕ ಕಾನೂನಿಲ್ಲ. ಮುಖ್ಯ ಆಧಾರ 1872ರ ಕರಾರು ಕಾಯ್ದೆ. ಹೀಗಿರುವಾಗ ವಿಚಾರಿಸುವ ಹೊಣೆ ನಮ್ಮದೇ. ಅದೇ ಕಂಪನಿಯ ಮಳಿಗೆ ನಡೆಸುತ್ತಿರುವವರನ್ನಷ್ಟೇ ಅಲ್ಲ, ಮುಚ್ಚಿದವರನ್ನೂ ಹುಡುಕಿ ಮಾತನಾಡಿಸಿ. ಅಂಗಡಿಯ ಬಾಡಿಗೆ ಕರಾರಿನ ಅವಧಿಯು ಫ್ರಾಂಚೈಸಿ ಕರಾರಿನ ಅವಧಿಗಿಂತ ಕಡಿಮೆಯಿರಬಾರದು.

ಸ್ವಂತ ಉದ್ಯಮ ಕಟ್ಟುವವರೂ ಫ್ರಾಂಚೈಸಿಯಿಂದ ಕಲಿಯಬೇಕಾದ ಸಂಗತಿಯೊಂದಿದೆ. ನಮ್ಮ ಅಡುಗೆಮನೆಯ ಗೋಡೆಯ ಮೇಲೆ ಹಾಲು, ಚಹಾ ಪುಡಿ, ಸಕ್ಕರೆಯ ಅಳತೆಯನ್ನೂ ಕುದಿಸುವ ನಿಮಿಷಗಳನ್ನೂ ಬರೆದ ಹಾಳೆಯಿದೆ. ದುಗ್ಗಮ್ಮನ ಜಾತ್ರೆಗೆಂದು ಹಳೆಯ ಕೆಲಸಗಾರ ರಜೆ ಹಾಕಿದಾಗ, ಹೊಸ ಹುಡುಗ ಆ ಹಾಳೆಯನ್ನು ನೋಡಿ ಮಾಡಿದ ಚಹಾವನ್ನು ದಿನವೂ ಬರುವ ಗಿರಾಕಿಗಳು ತಕರಾರಿಲ್ಲದೆ ಕುಡಿದು ಹೋಗುತ್ತಾರೆ. ಆದರೆ ಅದೇ ಶಿಸ್ತಿನಿಂದಾಗಿ, ಸಂಜೆ ಹೊತ್ತು ಮಿರ್ಚಿ ಮಂಡಕ್ಕಿ ಕೇಳಿ ಬರುವವರಿಗೆ, ಅದು ಕಂಪನಿಯ ಮೆನುವಿನಲ್ಲಿಲ್ಲವೆಂದು ಹೇಳಿ ಕಳಿಸಬೇಕಾಗುತ್ತದೆ. ಊರಿನ ರುಚಿಗೆ ತಕ್ಕಂತೆ ಮೆನು ಬದಲಿಸುವ ಸ್ವಾತಂತ್ರ್ಯ ನಿಮಗೆ ಮುಖ್ಯವೆನಿಸಿದರೆ, ಫ್ರಾಂಚೈಸಿ ಶುಲ್ಕಕ್ಕೆಂದು ಎತ್ತಿಟ್ಟ ಹಣವನ್ನು ಸ್ವಂತ ಹೆಸರಿನ ಅಂಗಡಿಗೆ ತೊಡಗಿಸುವುದೇ ಮೇಲೆಂದು ನನ್ನ ಅಭಿಪ್ರಾಯ.