ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಎಷ್ಟು ದೂರ? ಅಮ್ಮ ಒಬ್ಬರೇ ಬರುವುದಾದರೆ ಯಾವ ವಿಮಾನ ಬೇಗ?

ದೂರ ಸುಮಾರು 14,000 ಕಿಲೋಮೀಟರ್. ನಡುವೆ ಎಲ್ಲೂ ಇಳಿಯದೆ ಹಾರಿದರೆ 16ರಿಂದ 17 ಗಂಟೆ. ಟಿಕೆಟ್ ಮೇಲಿನ ಟೈಮ್ ಕಳೆದು ಲೆಕ್ಕ ಹಾಕಬೇಡಿ, ಚಳಿಗಾಲದಲ್ಲಿ ಇಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಗಡಿಯಾರ ಬೆಂಗಳೂರಿಗಿಂತ ಹದಿಮೂರೂವರೆ ಗಂಟೆ ಹಿಂದೆ. ಇನ್ನು ‘ಬೇಗ’ ಅಂತ ಕೇಳಿದ್ದೀರಲ್ಲ, ನಾನು ಎಡವಿದ್ದೂ ಅಲ್ಲೇ.

ನಮ್ಮಮ್ಮ ಹಾಸನದವರು. ಕನ್ನಡ ಬಿಟ್ಟು ಬೇರೆ ಭಾಷೆ ಬರೋದಿಲ್ಲ. ಒಟ್ಟು ಗಂಟೆ ಯಾವುದಕ್ಕೆ ಕಮ್ಮಿ ಅಂತ ನೋಡಿ ಟಿಕೆಟ್ ಮಾಡಿದೆ. ಯುರೋಪಿನಲ್ಲಿ ಒಂದು ಕಡೆ ಇಳಿದು, ಅಮೆರಿಕದ ಪೂರ್ವ ಕರಾವಳಿಯ ಒಂದು ಊರಿನಲ್ಲಿ ಮತ್ತೆ ವಿಮಾನ ಬದಲಿಸಬೇಕು. ಅದಕ್ಕೆ ಒಂದೂವರೆ ಗಂಟೆ. ಸಾಕಲ್ವಾ ಅಂದುಕೊಂಡೆ.

ಸಾಲೋದಿಲ್ಲ. ಅಮೆರಿಕದಲ್ಲಿ ಮೊದಲು ಎಲ್ಲಿ ಇಳಿಯುತ್ತಾರೋ ಅಲ್ಲೇ ಇಮಿಗ್ರೇಶನ್ ಆಗಬೇಕು. ಮುಂದಿನ ವಿಮಾನ ಎಲ್ಲಿಗಾದರೂ ಇರಲಿ. ಆ ಸಾಲು ಮುಗಿದ ಮೇಲೆ ಸಾಮಾನ್ಯವಾಗಿ ಬೆಲ್ಟಿನಿಂದ ಸೂಟ್‌ಕೇಸ್ ಎತ್ತಿಕೊಂಡು, ಕಸ್ಟಮ್ಸ್ ದಾಟಿ, ಅದನ್ನು ಮತ್ತೆ ಒಪ್ಪಿಸಬೇಕು. ಆಮೇಲೆ ಇನ್ನೊಂದು ಸಲ ಸೆಕ್ಯುರಿಟಿ. ನನಗೆ ಇದು ಗೊತ್ತಿಲ್ಲದೆ ಏನಲ್ಲ. ನಾನೇ ಹಾಗೆ ಬಂದಿದ್ದೆ. ಆದರೆ ನನ್ನ ಕಾಲಿನ ಲೆಕ್ಕದಲ್ಲಿ ಅಮ್ಮನಿಗೆ ಟಿಕೆಟ್ ಮಾಡಿದೆ. ಸಾಲದ್ದಕ್ಕೆ ಫೋನಿನಲ್ಲಿ ‘ಬ್ಯಾಗ್ ಬಗ್ಗೆ ತಲೆ ಕೆಡಿಸ್ಕೋಬೇಡ, ಸೀದಾ ಇಲ್ಲಿಗೇ ಬರುತ್ತೆ’ ಅಂದಿದ್ದೆ. ಸೂಟ್‌ಕೇಸಿಗೆ ಅಂಟಿಸಿದ ಚೀಟಿಯಲ್ಲೂ ಸ್ಯಾನ್ ಫ್ರಾನ್ಸಿಸ್ಕೋ ಅಂತಲೇ ಇತ್ತು.

ಹಿಡಿಗೆ ಕೆಂಪು ರಿಬ್ಬನ್ ಕಟ್ಟಿದ, ಚಟ್ನಿಪುಡಿ ಹಪ್ಪಳ ತುಂಬಿದ ಸೂಟ್‌ಕೇಸು ಕಣ್ಣೆದುರೇ ಸುತ್ತುತ್ತಿತ್ತಂತೆ. ಮುಟ್ಟಬಾರದು ಅಂತ ಸುಮ್ನೆ ಮುಂದೆ ಹೋಗಿದ್ದಾರೆ. ಬಾಗಿಲ ಹತ್ತಿರ ಯಾರೋ ಕೈಸನ್ನೆ ಮಾಡಿ ವಾಪಸ್ ಕಳಿಸಿದ್ದಾರೆ. ಅಷ್ಟರಲ್ಲಿ ಮುಂದಿನ ವಿಮಾನ ಹೋಗಿಯಾಗಿತ್ತು. ಅಮ್ಮನ ಫೋನಿಗೆ ರೋಮಿಂಗ್ ಇಲ್ಲ. ಒಬ್ಬ ತೆಲುಗು ಹುಡುಗಿ ಪುಣ್ಯಾತ್ಗಿತ್ತಿ ತನ್ನ ಫೋನ್ ಕೊಟ್ಟಳು. ಸೀಟು ಸಿಕ್ಕಿದ್ದು ಮರುದಿನ ಬೆಳಿಗ್ಗೆ, ರಾತ್ರಿಯೆಲ್ಲ ಕುರ್ಚಿ ಮೇಲೆ. ಈಗ ಕರೆದರೆ ‘ನೀನೇ ಬಾರಪ್ಪ’ ಅಂತಾರೆ.

ಹಾಗಾಗಿ ಗಂಟೆ ಎಣಿಸೋದು ಬಿಡಿ. ಅಮೆರಿಕದಲ್ಲಿ ಮೊದಲು ಇಳಿಯುವ ಊರು ಸ್ಯಾನ್ ಫ್ರಾನ್ಸಿಸ್ಕೋನೇ ಆಗಿರಬೇಕು. ನೀವು ಹೊರಗೇ ನಿಂತಿರುತ್ತೀರಿ, ಇಮಿಗ್ರೇಶನ್ ಎಷ್ಟು ಹೊತ್ತಾದರೂ ಆಗಲಿ. ಏರ್ ಇಂಡಿಯಾ 2021ರ ಜನವರಿಯಲ್ಲಿ ನೇರ ವಿಮಾನ ಶುರು ಮಾಡಿತು. ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟ ಮೊದಲನೆಯದು ಉತ್ತರ ಧ್ರುವದ ಮೇಲೆ ಹಾದು ಬೆಂಗಳೂರಿಗೆ ಬಂತು. ಪೈಲಟ್‌ಗಳೆಲ್ಲ ಹೆಂಗಸರೇ. (ಗ್ಲೋಬ್ ಮೇಲೆ ದಾರ ಹಿಡಿದು ನೋಡಿ, ಹತ್ತಿರದ ದಾರಿ ಅದೇ.) ಅಮ್ಮ ಬರುವ ತಿಂಗಳಲ್ಲಿ ನೇರ ವಿಮಾನ ಇದೆಯಾ ನೋಡಿಕೊಳ್ಳಿ. ಇಲ್ಲದಿದ್ದರೆ ದುಬೈ ಅಥವಾ ಫ್ರಾಂಕ್‌ಫರ್ಟ್‌ನಲ್ಲಿ ಒಂದೇ ಬದಲಾವಣೆ. ಫ್ರಾಂಕ್‌ಫರ್ಟ್ ದಾರಿ ಸುಮಾರು 16,500 ಕಿಲೋಮೀಟರ್ ಆಗುತ್ತದೆ, ಆಗಲಿ ಬಿಡಿ. ಅಲ್ಲಿ ಬ್ಯಾಗ್ ಮುಟ್ಟುವ ಕೆಲಸ ಇಲ್ಲ. ನಡುವೆ ಮೂರು ಗಂಟೆಗಿಂತ ಕಮ್ಮಿ ಇರುವ ಟಿಕೆಟ್ ಮಾತ್ರ ಬೇಡ.

ಇನ್ನೊಂದು. ಬುಕ್ ಮಾಡುವಾಗಲೇ ವೀಲ್‌ಚೇರ್ ಕೇಳಿ. ‘ನಂಗೇನು ಕಾಲಿಲ್ವಾ?’ ಅಂತ ಅಮ್ಮ ಬೈತಾರೆ, ಬೈಸಿಕೊಳ್ಳಿ. ತಳ್ಳಿಕೊಂಡು ಹೋಗುವವರಿಗೆ ಗೇಟು ಯಾವುದು, ಸಾಲು ಯಾವುದು ಅಂತ ಗೊತ್ತಿರುತ್ತದೆ.